ಯಜಮಾನ ಅನ್ನಬೇಡ

ಪ್ರೀತಿಯ ಮಗಳೇ,

ನಿನ್ನ ಕಾಗದ ಬಂತು. ಬೈಬಲಿನ ಪ್ರವಾದಿ ಹೋಶೇಯನ ಪುಸ್ತಕ ಓದಿ ಮನಸ್ಸಿಗೆ ಕಸಿವಿಸಿ ಆಯ್ತು ಅಂದಿದ್ದೀಯ. ‘ನಾನು ಒಂದು ಭಾನುವಾರವೂ ತಪ್ಪಿಸಿಲ್ಲ ದೊಡ್ಡಪ್ಪ, ಈ ವ್ಯಭಿಚಾರದ ಮಾತೆಲ್ಲ ನನಗ್ಯಾಕೆ?’ ಅಂತಲೂ ಕೇಳಿದ್ದೀಯ.

ಹೋಶೇಯನ ಕಾಲದವರೂ ಹಬ್ಬ ತಪ್ಪಿಸಿದವರಲ್ಲ ಕಣಮ್ಮ. ಅದು ಕ್ರಿಸ್ತಪೂರ್ವ 8ನೇ ಶತಮಾನ. ಎರಡನೇ ಯಾರೊಬ್ಬಾಮ ಆಳುತ್ತಿದ್ದ ಉತ್ತರ ಇಸ್ರೇಲಿನಲ್ಲಿ ದುಡ್ಡು ಓಡಾಡುತ್ತಿತ್ತು. ಅಮಾವಾಸ್ಯೆ, ಸಬ್ಬತ್ತು ಅನ್ನುವ ವಾರದ ವಿಶ್ರಾಂತಿ ದಿನ, ಬಲಿ ಎಲ್ಲವೂ ನಡೆಯುತ್ತಿದ್ದವು. ತಮ್ಮ ದೇವರಾದ ಯೆಹೋವನ ಜೊತೆಗೆ ಬಾಳನೂ ಇರಲಿ ಅಂದುಕೊಂಡರು, ಅಷ್ಟೇ. ಬಾಳ್ ಮಳೆ ಸುರಿಸುವ ದೇವರೆಂದು ಕಾನಾನ್ಯರ ನಂಬಿಕೆ. ಮಳೆ ಕೈಕೊಟ್ಟರೆ ಬದುಕಿಲ್ಲದ ನೆಲ ಅದು. ‘ಧಾನ್ಯ, ದ್ರಾಕ್ಷಾರಸ, ಎಣ್ಣೆ ಕೊಟ್ಟವನು ನಾನು, ಅವಳಿಗೆ ಅದು ತಿಳಿಯಲೇ ಇಲ್ಲ’ ಎಂದು ಎರಡನೇ ಅಧ್ಯಾಯದಲ್ಲಿ ದೇವರು ಇಸ್ರೇಲನ್ನು ದಾರಿ ತಪ್ಪಿದ ಹೆಂಡತಿಗೆ ಹೋಲಿಸಿ ನೊಂದುಕೊಳ್ಳುತ್ತಾನೆ.

ಬಾಳ್ ಅಂದರೆ ಇಬ್ರಿಯದಲ್ಲಿ ಒಡೆಯ. ಗಂಡನಿಗೂ ಅದೇ ಮಾತು. ನಿನ್ನ ದೊಡ್ಡಮ್ಮ ನನ್ನನ್ನು ‘ನಮ್ಮ ಯಜಮಾನರು’ ಅಂತಾಳಲ್ಲ, ಹಾಗೆ. ಆದರೆ ದೇವರು, ‘ಇನ್ನು ಮೇಲೆ ನನ್ನನ್ನು ಯಜಮಾನ ಅನ್ನಬೇಡ, ನನ್ನ ಗಂಡ ಅನ್ನು’ ಎನ್ನುತ್ತಾನೆ. ಇದನ್ನು ಓದಿದಾಗಲೆಲ್ಲ ನನ್ನ ಗಂಟಲು ಕಟ್ಟುತ್ತದೆ. ಯಜಮಾನನ ಹತ್ತಿರ ಸಂಬಳಕ್ಕೆ ದುಡಿಯಬಹುದು. ಬೇರೆ ಕಡೆ ಜಾಸ್ತಿ ಸಿಕ್ಕರೆ ಹೊರಟುಬಿಡಬಹುದು. ನಾನು ದೇವರ ಹತ್ತಿರ ಹಾಗೇ ಇದ್ದೆ.

ಬಡ್ತಿ ಸಿಕ್ಕ ವರ್ಷ ಸುಗ್ಗಿ ಹಬ್ಬಕ್ಕೆ ದೊಡ್ಡ ಬಾಳೆಗೊನೆ ತಂದಿಟ್ಟೆ. ಹರಾಜಿನಲ್ಲಿ ಎಲ್ಲರಿಗಿಂತ ಮೇಲೆ ಕೂಗಿದೆ. ಒಳಗೆ ಮಾತ್ರ, ನನ್ನ ಅನ್ನ ಮೇಲಧಿಕಾರಿಯ ಕೈಯಲ್ಲಿದೆ ಅಂತಲೇ ನಂಬಿದ್ದೆ. ಅವರಿಗೆ ಬೇಸರ ಆಗಬಾರದೆಂದು ಒಂದು ಸುಳ್ಳು ಲೆಕ್ಕಕ್ಕೆ ಸಹಿ ಹಾಕಿದೆ. ಒಬ್ಬ ಕೂಲಿಯವನ ಎರಡು ತಿಂಗಳ ದುಡ್ಡು ಅದರಲ್ಲಿ ಮುಳುಗಿತು. ಆಗಲೂ ಭಾನುವಾರ ತಪ್ಪಿಸಿರಲಿಲ್ಲ. ‘ನನಗೆ ಬಲಿ ಬೇಡ, ಕರುಣೆ ಬೇಕು’ ಎಂಬ ಹೋಶೇಯನ ಮಾತನ್ನು ಯೇಸು ಮತ್ತಾಯನ ಸುವಾರ್ತೆಯಲ್ಲಿ ಎರಡು ಸಲ ಹೇಳುತ್ತಾನೆ. ಎರಡು ಸಲವೂ ಭಕ್ತಿವಂತರಿಗೇ ಹೇಳಿದ್ದು.

ಹೋಶೇಯನನ್ನು ಬಿಟ್ಟುಹೋದ ಹೆಂಡತಿ ಗೋಮೆರಳ ಕಥೆ ಹಿಡಿದು ಹೆಂಗಸರನ್ನು ಬೈಯುವ ಪ್ರಸಂಗಗಳನ್ನು ನೀನೂ ಕೇಳಿರುತ್ತೀಯ. ಅವರು ನಾಲ್ಕನೇ ಅಧ್ಯಾಯ ಓದಬೇಕು. ಅಲ್ಲಿ ದೇವರು, ನಿಮ್ಮ ಹೆಣ್ಣುಮಕ್ಕಳನ್ನು ದಂಡಿಸುವುದಿಲ್ಲ, ಗಂಡಸರೇ ದಾರಿ ತಪ್ಪಿದ್ದಾರೆ ಅನ್ನುತ್ತಾನೆ. ಪಕ್ಕದ ಮನೆಯವರ ದೇವರಕೋಣೆಯ ಕಡೆ ಬೆರಳು ತೋರಿಸಲಿಕ್ಕೂ ಈ ಪುಸ್ತಕ ಬಳಸಬೇಡ. ಪ್ರವಾದಿ ಬೈದದ್ದು ತನ್ನವರನ್ನೇ, ಅದರಲ್ಲೂ ಯಾಜಕರನ್ನು.

ಕ್ರಿಸ್ತಪೂರ್ವ 722ರ ಹೊತ್ತಿಗೆ ಉತ್ತರ ಇಸ್ರೇಲಿನ ರಾಜಧಾನಿ ಸಮಾರ್ಯ ಅಶ್ಶೂರರ ಪಾಲಾಯಿತು. ನನ್ನನ್ನು ಹಿಡಿದು ನಿಲ್ಲಿಸುವುದು ಮಾತ್ರ ಮೂರನೇ ಅಧ್ಯಾಯ. ಬಿಟ್ಟುಹೋದವಳನ್ನು ಹೋಶೇಯ 15 ಶೆಕೆಲ್ ಬೆಳ್ಳಿ, ಒಂದೂವರೆ ಹೋಮೆರ್ ಜವೆಗೋದಿ ಕೊಟ್ಟು ಬಿಡಿಸಿಕೊಂಡು ಬರುತ್ತಾನೆ. ಕೈಯಲ್ಲಿದ್ದ ಬೆಳ್ಳಿ ಸಾಲದೆ ಮನೆಯ ಕಾಳನ್ನೂ ಅಳೆದುಕೊಟ್ಟನೇನೋ ಅಂತ ನನಗನ್ನಿಸುತ್ತದೆ. ಅವಳು ಮೊದಲು ಬದಲಾಗಲಿ ಅಂತ ಅವನು ಕಾಯಲಿಲ್ಲ, ಅಲ್ವಾ?

ಆ ಕೂಲಿಯವನ ಮನೆ ಹುಡುಕಿಕೊಂಡು ಹೋಗಲು ನನಗೆ ಮೂರು ವರ್ಷ ಹಿಡಿಯಿತು. ದುಡ್ಡು ತೆಗೆದುಕೊಂಡ, ಮಾತಾಡಲಿಲ್ಲ.

ಎರಡನೇ ಅಧ್ಯಾಯ ಇನ್ನೊಂದು ಸಲ ಗಟ್ಟಿಯಾಗಿ ಓದು. ಕ್ರಿಸ್‌ಮಸ್‌ಗೆ ಬಂದಾಗ ಕೂತು ಮಾತಾಡೋಣ.

ಇಂತಿ ನಿನ್ನ
ದೊಡ್ಡಪ್ಪ