ಕೈತಪ್ಪಿದ್ದು ದೋಹಾದಲ್ಲಲ್ಲ: ಗೆಳೆಯನಿಗೊಂದು ಪತ್ರ

ಮೈಸೂರು

ಪ್ರೀತಿಯ ಗೆಳೆಯ,

ಮಂಡ್ಯದಿಂದ ನೀನು ಬರೆದದ್ದು ತಲುಪಿತು. ಸಂಜೆ ಆಟ ಮುಗಿಸಿ ಕೂತಾಗ ಹುಡುಗರು "ಇಷ್ಟು ದೊಡ್ಡ ದೇಶ ಇಟ್ಕೊಂಡು ನಾವ್ಯಾಕೆ ಸಾರ್ ಫುಟ್‌ಬಾಲ್ ವಿಶ್ವಕಪ್‌ಗೆ ಹೋಗಲ್ಲ?" ಅಂತ ಕೇಳುತ್ತಾರೆ, ಏನು ಹೇಳಲಿ ಎಂದಿದ್ದೀಯ. ಜೊತೆಗೆ, ಆವತ್ತು ಕತಾರ್‌ನವರಿಗೆ ಆ ಗೋಲು ಕೊಡದೇ ಇದ್ದಿದ್ದರೆ ನಾವು ಮೂರನೇ ಸುತ್ತಿಗೆ ಹೋಗಿಯೇ ಹೋಗುತ್ತಿದ್ದೆವು ಅಂತಲೂ ಬರೆದಿದ್ದೀಯ. ಮೊದಲು ಆ ಮಾತನ್ನೇ ಹಿಡಿದುಕೊಳ್ಳೋಣ. ಅರ್ಹತಾ ಸುತ್ತಿನ ಲೆಕ್ಕವೆಲ್ಲ ಅದರೊಳಗೇ ಇದೆ.

2024ರ ಜೂನ್ 11, ದೋಹಾ. 2026ರ ವಿಶ್ವಕಪ್‌ಗೆ ಏಷ್ಯಾದ ಎರಡನೇ ಸುತ್ತು, ನಮ್ಮ ಗುಂಪಿನ ಕೊನೆಯ ದಿನ. ಆಡುವ ಮೊದಲು ಕತಾರ್ 13 ಅಂಕ, ಭಾರತ 5, ಅಫ್ಗಾನಿಸ್ತಾನ 5, ಕುವೈತ್ 4. ಮೊದಲ ಇಬ್ಬರಿಗೆ ಮುಂದಿನ ಸುತ್ತು. ಕತಾರ್ ಆಗಲೇ ದಾಟಿಯಾಗಿತ್ತು, ಉಳಿದದ್ದು ಒಂದೇ ಜಾಗ. 37ನೇ ನಿಮಿಷದಲ್ಲಿ ನಮ್ಮ ಛಾಂಗ್ಟೆ ಗೋಲು ಹೊಡೆದ. 73ನೇ ನಿಮಿಷದಲ್ಲಿ ಗೆರೆ ದಾಟಿ ಆಚೆ ಹೋಗಿದ್ದ ಚೆಂಡನ್ನು ಒಳಕ್ಕೆಳೆದು ಹೊಡೆದದ್ದಕ್ಕೆ ರೆಫರಿ ಗೋಲು ಕೊಟ್ಟರು. ಆ ಸುತ್ತಿನಲ್ಲಿ ವಿಡಿಯೊ ನೋಡಿ ತೀರ್ಪು ಕೊಡುವ ವ್ಯವಸ್ಥೆ ಇರಲಿಲ್ಲ. 85ಕ್ಕೆ ಇನ್ನೊಂದು ಗೋಲು. 2-1 ಸೋಲು. ಅನ್ಯಾಯ ಆಗಿದ್ದು ನಿಜ, ಅದರಲ್ಲಿ ಎರಡು ಮಾತಿಲ್ಲ.

ಆದರೆ ಅದೇ ರಾತ್ರಿ ಕುವೈತ್ ಅಫ್ಗಾನಿಸ್ತಾನವನ್ನು 1-0ಯಿಂದ ಸೋಲಿಸಿ 7 ಅಂಕಕ್ಕೆ ಏರಿತು. ಅಂದಮೇಲೆ ದೋಹಾದಲ್ಲಿ ನಮಗೆ ಡ್ರಾ ಕೂಡ ಸಾಲುತ್ತಿರಲಿಲ್ಲ, 6ಕ್ಕೆ ನಿಲ್ಲುತ್ತಿದ್ದೆವು. ಏಷ್ಯಾ ಚಾಂಪಿಯನ್ನರನ್ನು ಅವರ ಊರಿನಲ್ಲೇ ಸೋಲಿಸಲೇಬೇಕಿತ್ತು. ಅಂಥ ಇಕ್ಕಟ್ಟಿಗೆ ನಾವು ಹೇಗೆ ಬಂದೆವು ಅನ್ನುವುದನ್ನು ಹುಡುಗರಿಗೆ ತೋರಿಸಬೇಕು.

ಮಾರ್ಚ್ 26, ಗುವಾಹಟಿ, ಎದುರಾಳಿ ಅಫ್ಗಾನಿಸ್ತಾನ. ನಮ್ಮ ಸುನಿಲ್ ಚೆಟ್ರಿಯ 150ನೇ ಪಂದ್ಯ. 38ನೇ ನಿಮಿಷದಲ್ಲಿ ಪೆನಾಲ್ಟಿಯಿಂದ ಅವನೇ ಮುನ್ನಡೆ ಕೊಟ್ಟ. 70ನೇ ನಿಮಿಷದವರೆಗೂ ಅದು ಉಳಿದಿತ್ತು. ಆಮೇಲೆ ಒಂದು, 88ಕ್ಕೆ ಪೆನಾಲ್ಟಿಯಲ್ಲಿ ಇನ್ನೊಂದು, ಅಫ್ಗಾನಿಸ್ತಾನಕ್ಕೆ 2-1. ಆ ಇಪ್ಪತ್ತು ನಿಮಿಷ ಕಾಯ್ದುಕೊಂಡಿದ್ದರೆ ನಮ್ಮ ಮೊತ್ತ 8, ಕುವೈತ್ 7. ದೋಹಾದಲ್ಲಿ ಸೋತರೂ ನಾವೇ ಮುಂದೆ. ಜೂನ್ 6ರ ಕೋಲ್ಕತ್ತ ಪಂದ್ಯವೂ ಹಾಗೆಯೇ. ಕುವೈತ್ ಮೇಲೆ 0-0 ಬದಲು ಒಂದೇ ಒಂದು ಗೋಲು ಬಿದ್ದಿದ್ದರೆ ನಾವು 7, ಅವರು 6. ಇದೇ ಕುವೈತನ್ನು 2023ರ ಜುಲೈನಲ್ಲಿ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಪೆನಾಲ್ಟಿ ಶೂಟೌಟ್‌ನಲ್ಲಿ ಸೋಲಿಸಿ ದಕ್ಷಿಣ ಏಷ್ಯಾದ ಸ್ಯಾಫ್ ಕಪ್ ಎತ್ತಿದ್ದೆವು, ಆ ನವೆಂಬರಿನಲ್ಲಿ ಅವರ ನೆಲದಲ್ಲೂ 1-0 ಗೆದ್ದಿದ್ದೆವು. ಗೆಲ್ಲಬಹುದಾದ ಎದುರಾಳಿಯೇ.

ಇನ್ನೊಂದು ಪಂದ್ಯ ಇದೆ. ಅದು ಬಹಳ ಜನಕ್ಕೆ ಹೊಳೆಯುವುದಿಲ್ಲ. ಮಾರ್ಚ್ 21ರಂದು ಸೌದಿಯ ಅಭಾದಲ್ಲಿ ಅಫ್ಗಾನಿಸ್ತಾನದ ವಿರುದ್ಧ 0-0. ಅಲ್ಲಿ 1-0 ಗೆದ್ದಿದ್ದರೆ? ನಮಗೂ 7, ಕುವೈತಿಗೂ 7. ಆದರೂ ನಾವು ಹೊರಗೇ! ಯಾಕೆಂದರೆ ವಿಶ್ವಕಪ್ ಅರ್ಹತಾ ಗುಂಪಿನಲ್ಲಿ ಅಂಕ ಸಮವಾದರೆ ಮೊದಲು ನೋಡುವುದು ಎಲ್ಲ ಪಂದ್ಯಗಳ ಒಟ್ಟು ಗೋಲು ವ್ಯತ್ಯಾಸ. ಕುವೈತ್ ಅಫ್ಗಾನಿಸ್ತಾನಕ್ಕೆ 4-0 ಬಾರಿಸಿತ್ತು. ಹೊಡೆದದ್ದು 6, ಬಿಟ್ಟುಕೊಟ್ಟದ್ದು 6, ವ್ಯತ್ಯಾಸ ಸೊನ್ನೆ. ನಾವು ಭುವನೇಶ್ವರದಲ್ಲಿ ಕತಾರ್‌ಗೆ 3-0 ಸೋತಿದ್ದೆವು, ಅಭಾ ಗೆಲುವನ್ನು ಸೇರಿಸಿಕೊಂಡರೂ ನಮ್ಮದು ಮೈನಸ್ 3. ಪರಸ್ಪರ ಆಡಿದ ಎರಡು ಪಂದ್ಯಗಳಲ್ಲಿ ಕುವೈತಿಗಿಂತ ನಾವು ಮೇಲಿದ್ದೆವು ನಿಜ, ಆದರೆ ಈ ನಿಯಮದಲ್ಲಿ ಅದರ ಸರದಿ ಬರುವುದು ಗೋಲು ವ್ಯತ್ಯಾಸ ಮತ್ತು ಒಟ್ಟು ಗೋಲು ಎರಡೂ ಸಮವಾದಾಗ ಮಾತ್ರ. ಏಷ್ಯನ್ ಕಪ್ ಅರ್ಹತೆಯಲ್ಲಾದರೆ ಉಲ್ಟಾ, ಅಲ್ಲಿ ಪರಸ್ಪರ ಪಂದ್ಯಗಳೇ ಮೊದಲು. ಯುರೋ ಕಪ್ ಅರ್ಹತೆಯಲ್ಲೂ ಹಾಗೆಯೇ. ಆದ್ದರಿಂದ ಯಾವ ಟೂರ್ನಿಯ ಪಟ್ಟಿ ಬರೆಯುತ್ತಿದ್ದೀಯೋ ಅದರ ನಿಯಮವನ್ನು ಪಟ್ಟಿಯ ತಲೆಯ ಮೇಲೇ ಬರೆಸು. 3-0 ಸೋಲುತ್ತಿರುವಾಗ ನಾಲ್ಕನೇ ಗೋಲು ಬಿಟ್ಟರೂ ಅಷ್ಟೇ ಅಂತ ಕೈಚೆಲ್ಲುವ ಹುಡುಗರಿಗೆ ಇದನ್ನು ಹೇಳಲೇಬೇಕು.

ಇನ್ನು ಒಟ್ಟು ಚಿತ್ರ. 2026ರ ವಿಶ್ವಕಪ್‌ಗೆ 48 ತಂಡ. ಆತಿಥೇಯರಾದ ಅಮೆರಿಕ, ಮೆಕ್ಸಿಕೊ, ಕೆನಡಾ ಆಡದೆಯೇ ಒಳಗೆ. ಯುರೋಪಿಗೆ 16, ಆಫ್ರಿಕಾಗೆ 9, ಏಷ್ಯಾಗೆ 8, ದಕ್ಷಿಣ ಅಮೆರಿಕಕ್ಕೆ 6, ಆತಿಥೇಯರನ್ನು ಬಿಟ್ಟು ಉತ್ತರ ಅಮೆರಿಕ ಮತ್ತು ಕೆರಿಬಿಯನ್ನಿಗೆ 3, ಓಷಿಯಾನಿಯಾಗೆ 1. ಕೂಡಿದರೆ 46. ಉಳಿದ ಎರಡಕ್ಕೆ ಆರು ತಂಡಗಳ ಖಂಡಾಂತರ ಪ್ಲೇಆಫ್, ಅಂದರೆ ಬೇರೆ ಬೇರೆ ಖಂಡಗಳ ತಂಡಗಳ ನಡುವಿನ ನಿರ್ಣಾಯಕ ಪಂದ್ಯಗಳು. ಅದರಲ್ಲಿ ಯುರೋಪಿಗೆ ಜಾಗವಿಲ್ಲ.

ಏಷ್ಯಾದ ದಾರಿ ಬಲು ಉದ್ದ. ಒಟ್ಟು 46 ತಂಡಗಳಲ್ಲಿ ರ‍್ಯಾಂಕಿಂಗ್‌ನ ಕೆಳಗಿನ 20 ತಂಡಗಳು ಮೊದಲು ಜೋಡಿ ಜೋಡಿಯಾಗಿ ಎರಡೆರಡು ಪಂದ್ಯ ಆಡುತ್ತವೆ, 10 ಉಳಿಯುತ್ತವೆ. ಮೇಲಿನ 26 ಸೇರಿ 36 ಆಯಿತು. ನಾಲ್ಕು ನಾಲ್ಕರ 9 ಗುಂಪು, ಪ್ರತಿ ಗುಂಪಿನಿಂದ ಇಬ್ಬರು, ಅಂದರೆ 18. ನಾವು ಬಿದ್ದದ್ದು ಇಲ್ಲಿ. ಆ 18 ಮತ್ತೆ ಆರು ಆರರ ಮೂರು ಗುಂಪು, ಹತ್ತು ಹತ್ತು ಪಂದ್ಯ. ಮೊದಲ ಇಬ್ಬರು ನೇರ ವಿಶ್ವಕಪ್‌ಗೆ. ಉಜ್ಬೇಕಿಸ್ತಾನ, ಜೋರ್ಡಾನ್ ಮೊದಲ ಸಲ ಹೋದದ್ದು ಈ ಬಾಗಿಲಿನಿಂದ. ಮೂರು, ನಾಲ್ಕನೇ ಸ್ಥಾನದವರು ಮೂರು ಮೂರರ ಎರಡು ಗುಂಪಾಗಿ ನಾಲ್ಕನೇ ಸುತ್ತು ಆಡಿದರು, ಗೆದ್ದ ಕತಾರ್ ಮತ್ತು ಸೌದಿ ಒಳಗೆ ಹೋದವು. ಅಲ್ಲಿ ಎರಡನೆಯವರಾದ ಇರಾಕ್ ಮತ್ತು ಯುಎಇ ಐದನೇ ಸುತ್ತಿನಲ್ಲಿ ಎದುರಾದವು, ಇರಾಕ್ ಗೆದ್ದು ಖಂಡಾಂತರ ಪ್ಲೇಆಫ್‌ಗೆ ಹೋಯಿತು. ಎರಡನೇ ಸುತ್ತಿನಿಂದ ಶುರು ಮಾಡಿದ ತಂಡಕ್ಕೆ ಅತಿ ಚಿಕ್ಕ ದಾರಿಯೂ 16 ಪಂದ್ಯ.

ಇದರಲ್ಲಿ ಯಾರು ಯಾವ ಗುಂಪಿಗೆ ಅನ್ನುವುದು ಚೀಟಿ ಎತ್ತುವುದರ ಮೇಲೆ, ಚೀಟಿ ಯಾವ ಪಾಟ್‌ನಲ್ಲಿ (ಬಲದ ಪ್ರಕಾರ ತಂಡಗಳನ್ನು ವಿಂಗಡಿಸಿಟ್ಟ ಡಬ್ಬಿ) ಇರುತ್ತದೆ ಅನ್ನುವುದು ಫಿಫಾ ರ‍್ಯಾಂಕಿಂಗ್ ಮೇಲೆ. ಹೆಚ್ಚು ತಪ್ಪು ತಿಳುವಳಿಕೆ ಇರುವುದು ಇಲ್ಲೇ, ಸ್ವಲ್ಪ ನಿಧಾನವಾಗಿ ಓದು.

2018ರ ಆಗಸ್ಟ್‌ನಿಂದ ಲೆಕ್ಕ ಹೀಗಿದೆ. ಪ್ರತಿ ಪಂದ್ಯಕ್ಕೂ ಒಂದು ತೂಕ. ಅಂತರರಾಷ್ಟ್ರೀಯ ಬಿಡುವಿನ (ಕ್ಲಬ್ ಆಟ ನಿಲ್ಲಿಸಿ ದೇಶದ ತಂಡಗಳಿಗೆ ಮೀಸಲಿಟ್ಟ ದಿನಗಳು) ಹೊರಗೆ ಆಡಿದ ಸೌಹಾರ್ದ ಪಂದ್ಯಕ್ಕೆ 5, ಬಿಡುವಿನಲ್ಲಿ ಆಡಿದ್ದಕ್ಕೆ 10, ಅರ್ಹತಾ ಪಂದ್ಯಕ್ಕೆ 25. ಎರಡು ತಂಡಗಳ ರ‍್ಯಾಂಕಿಂಗ್ ಅಂಕದ ಅಂತರದಿಂದ ಗೆಲುವಿನ ನಿರೀಕ್ಷೆ ತೆಗೆಯುತ್ತಾರೆ. ಸಮಬಲ ಇದ್ದರೆ 0.5. ಎದುರಾಳಿಗಿಂತ 300 ಅಂಕ ಮೇಲಿದ್ದರೆ ಸುಮಾರು 0.76. ಫಲಿತಾಂಶಕ್ಕೆ ಗೆದ್ದರೆ 1, ಡ್ರಾ ಆದರೆ 0.5, ಸೋತರೆ 0. ಫಲಿತಾಂಶದಿಂದ ನಿರೀಕ್ಷೆ ಕಳೆ, ತೂಕದಿಂದ ಗುಣಿಸು, ಅಷ್ಟೇ.

ಹುಡುಗರ ಕೈಯಲ್ಲೇ ಮಾಡಿಸು. ಅರ್ಹತಾ ಪಂದ್ಯದಲ್ಲಿ ಸಮಬಲದವರನ್ನು ಗೆದ್ದರೆ 25ರ ಅರ್ಧ, 12.5 ಅಂಕ. 300 ಅಂಕ ಕೆಳಗಿನವರನ್ನು ಗೆದ್ದರೆ 6 ಮಾತ್ರ. ಅವರ ಮೇಲೆ ಡ್ರಾ ಮಾಡಿಕೊಂಡರೆ 6.5 ಹೋಯಿತು, ಸೋತರೆ 19 ಹೋಯಿತು. ಸೌಹಾರ್ದ ಪಂದ್ಯಕ್ಕೆ ಸಣ್ಣ ತಂಡ ಕರೆಸಿ ಗೆದ್ದರೆ ರ‍್ಯಾಂಕಿಂಗ್ ಏರುತ್ತದೆ ಅನ್ನುವವರಿಗೆ ಇದೇ ಉತ್ತರ: ಬಿಡುವಿನಲ್ಲಿ ಆಡಿದರೂ ಬರುವುದು 2.4. ಗೋಲು ಎಷ್ಟು ಹೊಡೆದರೂ ರ‍್ಯಾಂಕಿಂಗ್‌ಗೆ ಲೆಕ್ಕವಿಲ್ಲ, 1-0 ಆದರೂ 7-0 ಆದರೂ ಒಂದೇ. ಕನ್ನಂಬಾಡಿ ಕಟ್ಟೆಯ ಒಳಹರಿವು ಹೊರಹರಿವು ದಿನಾ ಪೇಪರಿನಲ್ಲಿ ನೋಡುವ ಮಂಡ್ಯದ ಹುಡುಗರಿಗೆ ಇದು ಬೇಗ ಹತ್ತುತ್ತದೆ. ಒಂದು ರಾತ್ರಿಯ ಮಳೆಗೆ ಕಟ್ಟೆ 124.80 ಅಡಿ ಮುಟ್ಟುವುದಿಲ್ಲ. ಭಾರತ 2023ರ ಜುಲೈನಲ್ಲಿ 99ನೇ ಸ್ಥಾನದಲ್ಲಿತ್ತು, 2025ರ ಜುಲೈಗೆ 133. ಒಂದೊಂದೇ ಪಂದ್ಯದಲ್ಲಿ ಹೊರಹರಿವು ಹೆಚ್ಚಾಗಿ ಹಾಗಾಯಿತು. ಇನ್ನೂ ಇಳಿದು ಏಷ್ಯಾದ 26ರ ಗೆರೆಯ ಕೆಳಗೆ ಹೋದರೆ, ಇದೇ ಪದ್ಧತಿ ಉಳಿದ ಪಕ್ಷದಲ್ಲಿ, ಮೊದಲ ಸುತ್ತಿನ ಜೋಡಿ ಪಂದ್ಯಕ್ಕೆ ಇಳಿಯಬೇಕು. ಅಲ್ಲಿ ಎರಡು ಪಂದ್ಯ ಕೆಟ್ಟರೆ ನಾಲ್ಕು ವರ್ಷದ ಕೆಲಸ ಅಲ್ಲಿಗೇ ಮುಗಿಯಿತು.

ಒಳ್ಳೆಯ ಪಾಟ್ ಸಿಕ್ಕರೂ ಸಾಲದು. ವಿಶ್ವಕಪ್ ಗುಂಪಿನಲ್ಲಿ ಮೂರನೆಯವರಾದ ಮೇಲೆ ನಮಗೆ 2027ರ ಏಷ್ಯನ್ ಕಪ್‌ನ ಅರ್ಹತಾ ಸುತ್ತು ಉಳಿದಿತ್ತು. 24 ತಂಡ, 6 ಗುಂಪು, ಗುಂಪಿಗೆ ಒಬ್ಬರೇ. ಭಾರತ ಮೊದಲ ಪಾಟ್. ಜೊತೆಗೆ ಹಾಂಗ್‌ಕಾಂಗ್, ಸಿಂಗಪುರ, ಬಾಂಗ್ಲಾದೇಶ. ಶಿಲ್ಲಾಂಗ್‌ನಲ್ಲಿ ಬಾಂಗ್ಲಾದೇಶದ ಮೇಲೆ 0-0. ಹಾಂಗ್‌ಕಾಂಗ್‌ನಲ್ಲಿ 90 ನಿಮಿಷ ದಾಟಿದ ಮೇಲೆ ಸಿಕ್ಕ ಪೆನಾಲ್ಟಿಗೆ 1-0 ಸೋಲು. ಸಿಂಗಪುರದಲ್ಲಿ 1-1. 2025ರ ಅಕ್ಟೋಬರ್ 14ರಂದು ಗೋವಾದಲ್ಲಿ ಮುಂದಿದ್ದೂ ಅದೇ ಸಿಂಗಪುರಕ್ಕೆ 2-1 ಸೋಲು. ನಾಲ್ಕು ಪಂದ್ಯಕ್ಕೆ 2 ಅಂಕ. ಆವತ್ತೇ ಬಾಗಿಲು ಮುಚ್ಚಿತು. ಹೇಗೆ ಅಂದರೆ, ಉಳಿದ ಎರಡೂ ಗೆದ್ದರೂ ನಮಗೆ 8. ಸಿಂಗಪುರ, ಹಾಂಗ್‌ಕಾಂಗ್ ಇಬ್ಬರ ಬಳಿಯೂ ಆಗಲೇ 8, ಮತ್ತು ಅವರಿಬ್ಬರು ಇನ್ನೊಮ್ಮೆ ಎದುರಾಗಬೇಕಿತ್ತು. ಯಾರೇ ಗೆದ್ದರೂ, ಡ್ರಾ ಆದರೂ, ಒಬ್ಬರಾದರೂ 9 ಮುಟ್ಟಲೇಬೇಕು. "ಇನ್ನೂ ಚಾನ್ಸ್ ಇದೆಯಾ ಸಾರ್" ಅಂತ ಕೇಳಿದಾಗ ಹೀಗೆ ನೋಡುವುದನ್ನು ಕಲಿಸು: ಮುಂದಿರುವವರು ತಮ್ಮತಮ್ಮಲ್ಲೇ ಆಡುವುದು ಬಾಕಿ ಇದೆಯೇ ಅಂತ ಮೊದಲು ನೋಡಬೇಕು. ಗುಂಪಿಗೆ ಒಬ್ಬರೇ ಹೋಗುವ ಪದ್ಧತಿಯಲ್ಲಿ ತವರಿನ ಡ್ರಾ ಅಂದರೆ ಮುಕ್ಕಾಲು ಸೋಲು ಅಂತಲೇ ನನ್ನ ಅಭಿಪ್ರಾಯ.

ಆಟದ ಹೊರಗಿನ ತಪ್ಪೂ ಅಷ್ಟೇ ದುಬಾರಿ. ದಕ್ಷಿಣ ಆಫ್ರಿಕಾ 2025ರ ಮಾರ್ಚ್‌ನಲ್ಲಿ ವಿಶ್ವಕಪ್ ಅರ್ಹತಾ ಪಂದ್ಯದಲ್ಲಿ ಲೆಸೊಥೊವನ್ನು 2-0 ಸೋಲಿಸಿತು. ಆದರೆ ಎರಡು ಹಳದಿ ಕಾರ್ಡ್ ಸೇರಿ ಒಂದು ಪಂದ್ಯ ಹೊರಗಿರಬೇಕಾಗಿದ್ದ ಮೊಕೊಯೆನಾ ಅದರಲ್ಲಿ ಆಡಿದ್ದ. ಫಿಫಾ ಫಲಿತಾಂಶವನ್ನು ಲೆಸೊಥೊ ಪರ 3-0 ಮಾಡಿತು. ಮೂರು ಅಂಕ, ಐದು ಗೋಲಿನ ವ್ಯತ್ಯಾಸ, ಎರಡೂ ಹೋದವು. ಕೊನೆಗೆ ಅವರು 18 ಅಂಕದಿಂದ ಗುಂಪು ಗೆದ್ದರು, ಹಿಂದಿದ್ದ ನೈಜೀರಿಯಾ ಮತ್ತು ಬೆನಿನ್‌ಗೆ 17. ಕೂದಲೆಳೆಯಲ್ಲಿ ಪಾರು. ಆ ಎರಡು ಕಾರ್ಡ್ ಬೇರೆ ಬೇರೆ ಪಂದ್ಯದ್ದು, ನಡುವೆ ತಿಂಗಳುಗಟ್ಟಲೆ ಬಿಡುವು. ತಪ್ಪಾಗುವುದು ಅಲ್ಲಿಯೇ. ಕಾರ್ಡ್ ಲೆಕ್ಕಕ್ಕೆ ಒಂದು ಪುಸ್ತಕ ಬೇಕೇ ಬೇಕು. 2018ರ ವಿಶ್ವಕಪ್ ಗುಂಪಿನಲ್ಲಿ ಜಪಾನ್ ಮತ್ತು ಸೆನೆಗಲ್ ಎಲ್ಲದರಲ್ಲೂ ಸಮವಾಗಿ, ಜಪಾನ್ ಮುಂದೆ ಹೋದದ್ದು ಹಳದಿ ಕಾರ್ಡ್ ಕಡಿಮೆ ಇದ್ದುದಕ್ಕೆ: 4 ಮತ್ತು 6.

ಬೇರೆ ಖಂಡಗಳದು ಚುಟುಕಾಗಿ. ದಕ್ಷಿಣ ಅಮೆರಿಕದಲ್ಲಿ ಹತ್ತೇ ತಂಡ, ಎಲ್ಲರೂ ಎಲ್ಲರೊಡನೆ ಎರಡು ಸಲ, ತಲಾ 18 ಪಂದ್ಯ. ನನಗೆ ಇಷ್ಟವಾದ ಪದ್ಧತಿ ಅದೇ, ಚೀಟಿಯ ಅದೃಷ್ಟಕ್ಕೆ ಜಾಗವಿಲ್ಲ. ತವರಿನ ನೆಲವೂ ಅಲ್ಲಿ ಆಯುಧ. ಬೊಲಿವಿಯಾ ಸಮುದ್ರಮಟ್ಟದಿಂದ 4,000 ಮೀಟರಿಗೂ ಎತ್ತರದ ಎಲ್ ಆಲ್ಟೊದಲ್ಲಿ ಬ್ರೆಜಿಲನ್ನು 1-0 ಸೋಲಿಸಿ ಏಳನೇ ಸ್ಥಾನ, ಅಂದರೆ ಪ್ಲೇಆಫ್ ಹಿಡಿಯಿತು. ಯುರೋಪಿನಲ್ಲಿ 12 ಗುಂಪು, ಗೆದ್ದ 12 ನೇರ. ಎರಡನೆಯವರು 12, ನೇಷನ್ಸ್ ಲೀಗ್ ಅನ್ನುವ ಯುರೋಪಿನದೇ ಇನ್ನೊಂದು ಟೂರ್ನಿಯಿಂದ 4, ಈ ಹದಿನಾರರಲ್ಲಿ ನಾಲ್ವರಿಗೆ ಜಾಗ. ಪ್ಲೇಆಫ್‌ನಲ್ಲಿ ಪ್ರತಿ ಸುತ್ತಿಗೂ ಒಂದೇ ಪಂದ್ಯ, ಎರಡನೇ ಅವಕಾಶವಿಲ್ಲ. 2022ರ ಮಾರ್ಚ್‌ನಲ್ಲಿ ಇಟಲಿ ತನ್ನದೇ ಪಲೆರ್ಮೊದಲ್ಲಿ ಉತ್ತರ ಮ್ಯಾಸಿಡೋನಿಯಾಗೆ 92ನೇ ನಿಮಿಷದ ಗೋಲಿಗೆ ಸೋತು ಮನೆಗೆ ಹೋಯಿತು. ಅದಕ್ಕೂ ಮೊದಲು ಗುಂಪಿನಲ್ಲಿ ಸ್ವಿಟ್ಜರ್ಲೆಂಡ್ ಮೇಲಿನ ಎರಡೂ ಪಂದ್ಯ ಡ್ರಾ, ಎರಡರಲ್ಲೂ ಒಂದೊಂದು ಪೆನಾಲ್ಟಿ ಹಾಳು. ಒಂದಾದರೂ ಒಳಗೆ ಹೋಗಿದ್ದರೆ ಪಲೆರ್ಮೊಗೆ ಬರುವ ಪ್ರಮೇಯವೇ ಇರಲಿಲ್ಲ. ನಮ್ಮ ಗುವಾಹಟಿಯ ಕಥೆಯೇ ಅದು.

ದೇಶ ದೊಡ್ಡದು ಅನ್ನುವ ಪ್ರಶ್ನೆಗೆ ಕೆರಿಬಿಯನ್ನಿನ ಪುಟ್ಟ ದ್ವೀಪ ಕುರಸಾವ್ ಹೆಸರು ಹೇಳು. 2025ರ ನವೆಂಬರ್ 18ರಂದು ಜಮೈಕಾದ ನೆಲದಲ್ಲಿ 0-0 ಮಾಡಿಕೊಂಡು 2026ರ ವಿಶ್ವಕಪ್‌ಗೆ ಅರ್ಹತೆ ಗಳಿಸಿತು. ಅಲ್ಲಿನ ಜನಸಂಖ್ಯೆ ಸುಮಾರು ಒಂದೂವರೆ ಲಕ್ಷ, ನಮ್ಮ ಮಂಡ್ಯ ಪಟ್ಟಣದ ಆಸುಪಾಸು. 1950ರಲ್ಲಿ ಭಾರತಕ್ಕೂ ಜಾಗ ಸಿಕ್ಕಿತ್ತಲ್ಲ ಅಂತ ಯಾರಾದರೂ ಎತ್ತಬಹುದು. ಸಿಕ್ಕಿತ್ತು, ಆದರೆ ಗುಂಪಿನ ಉಳಿದ ತಂಡಗಳು ಹಿಂದೆ ಸರಿದದ್ದರಿಂದ, ಒಂದೂ ಅರ್ಹತಾ ಪಂದ್ಯ ಆಡದೆ. ಕೊನೆಗೆ ನಾವೂ ಹೋಗಲಿಲ್ಲ.

ಗೋಡೆಗೆ ಪಟ್ಟಿ ಹಾಕುತ್ತೇನೆ ಅಂದಿದ್ದೀಯಲ್ಲ, ದೊಡ್ಡ ಡ್ರಾಯಿಂಗ್ ಹಾಳೆ ತಗೋ. ಕಾಲಂಗಳು ಹೀಗಿರಲಿ: ತಾರೀಖು, ಎದುರಾಳಿ, ಅವರ ಪಾಟ್, ತವರೋ ಹೊರಗೋ, ಹೊಡೆದ ಗೋಲು, ಬಿಟ್ಟ ಗೋಲು, ಅಂಕ, ಹಳದಿ ಕಾರ್ಡ್ ಯಾರಿಗೆ. "ತವರು" ಅಂತ ಬರೆಯುವ ಮೊದಲು ಪಂದ್ಯ ನಿಜವಾಗಿ ಎಲ್ಲಿ ಅಂತ ನೋಡು. ಅಫ್ಗಾನಿಸ್ತಾನದ ತವರು ಪಂದ್ಯ ಅಭಾದಲ್ಲಾಯಿತಲ್ಲ, ಅದು ಇಬ್ಬರಿಗೂ ಪರಊರೇ. ಕೊನೆಯ ಕಾಲಂ ಅಗಲವಾಗಿರಲಿ, ಅದೇ ಗುಂಪಿನ ಇನ್ನೊಂದು ಪಂದ್ಯದ ಫಲಿತಾಂಶ ಅಲ್ಲಿ ಬರೆಸು. ಮೊದಲನೇ ಪಂದ್ಯದಿಂದಲೇ ಬರೆಸು, ಕೊನೆಯ ಪಂದ್ಯದ ಹಿಂದಿನ ದಿನ ಅಲ್ಲ.

ರ‍್ಯಾಂಕಿಂಗ್ ಲೆಕ್ಕದಲ್ಲಿ ಹುಡುಗರು ಎಲ್ಲಾದರೂ ಸಿಕ್ಕಿಕೊಂಡರೆ ಬರೆ. ಆ 0.76 ಹೇಗೆ ಬರುತ್ತದೆ ಅನ್ನುವುದನ್ನು ಹಂತಹಂತವಾಗಿ ಬಿಡಿಸಿ ಕಳಿಸುತ್ತೇನೆ.

ನಿನ್ನ ಗೆಳೆಯ