ಒಂದೇ ದಾರಿಯಲ್ಲಿ ಒಂದು ವರ್ಷ

ಆತ್ಮೀಯ ಓದುಗರೇ,

2021ರ ಮಾರ್ಚ್ 29ರಂದು ಇಂಗ್ಲೆಂಡಿನಲ್ಲಿ ಕೋವಿಡ್ ಕಾಲದ ಮೂರನೆಯ ಲಾಕ್‌ಡೌನಿನ ‘ಮನೆಯಲ್ಲೇ ಇರಿ’ ಎಂಬ ಆದೇಶ ತೆರವಾಯಿತು. ಊರಾಚೆ ಹೋಗಲು ಅಂದು ಯಾವ ಅಡ್ಡಿಯೂ ಇರಲಿಲ್ಲ. ಆದರೂ ನಾನು ಬೆಳಿಗ್ಗೆ ಎದ್ದು ಬೂಟು ಹಾಕಿಕೊಂಡು, ಹಿಂದಿನ ಒಂದು ವರ್ಷ ನಡೆದ ಅದೇ ದಾರಿಯಲ್ಲಿ ನಡೆದು, ಅದೇ ತಿರುವಿನಿಂದ ಹಿಂದಿರುಗಿದೆ. ಅಭ್ಯಾಸಬಲ ಎಂದು ಮನೆಯವರು ನಕ್ಕರು. ಅಭ್ಯಾಸವೇ ಇರಬಹುದು, ಆದರೆ ಆ ಅಭ್ಯಾಸ ಹೇಗೆ ಹುಟ್ಟಿತೆಂಬುದನ್ನು ಈ ಸಂಚಿಕೆಯಲ್ಲಿ ಬರೆದಿಡಬೇಕೆನಿಸಿದೆ.

2020ರ ಮಾರ್ಚ್ 23ರ ರಾತ್ರಿ ಆಗಿನ ಬ್ರಿಟನ್ ಪ್ರಧಾನಿ ಬೋರಿಸ್ ಜಾನ್ಸನ್ ಅವರು ದೂರದರ್ಶನದಲ್ಲಿ ಕಾಣಿಸಿಕೊಂಡು, ಅಗತ್ಯದ ಕೆಲವು ಕಾರಣಗಳನ್ನು ಬಿಟ್ಟರೆ ದಿನಕ್ಕೊಮ್ಮೆ ವ್ಯಾಯಾಮಕ್ಕಾಗಿ ಮಾತ್ರ ಹೊರಬರಬಹುದು, ಅದೂ ಒಬ್ಬರೇ ಅಥವಾ ಮನೆಯವರೊಂದಿಗೆ ಮಾತ್ರ, ಎಂದು ಹೇಳಿದ್ದು ನಿಮಗೆಲ್ಲ ನೆನಪಿರುತ್ತದೆ. ಸೆರೆಮನೆಯ ಅಂಗಳದಲ್ಲಿ ಕೈದಿಗಳನ್ನು ಒಂದು ಸುತ್ತು ಹಾಕಿಸುವಂತೆ ಆ ಮಾತು ನನಗೆ ಕೇಳಿಸಿತ್ತು. ಮೊದಲ ವಾರವಂತೂ ವೈದ್ಯರು ಬರೆದುಕೊಟ್ಟ ಮಾತ್ರೆ ನುಂಗುವವನಂತೆ ಗಡಿಯಾರ ನೋಡಿಕೊಂಡೇ ನಡೆದೆ. ಎರಡನೆಯ ವಾರದಲ್ಲಿ, ನಮ್ಮ ಮನೆಯಿಂದ ನೂರು ಹೆಜ್ಜೆಗಳಾಚೆ, ಎರಡು ಬೇಲಿಗಳ ನಡುವೆ ಅಡಗಿದಂತಿದ್ದ ಕಂಬವೊಂದರ ಮೇಲೆ ಹಳದಿ ಬಾಣದ ಗುರುತು ಕಣ್ಣಿಗೆ ಬಿತ್ತು. ಸಾರ್ವಜನಿಕ ಕಾಲುದಾರಿಯ ಗುರುತು ಅದು. ಒಂಬತ್ತು ವರ್ಷಗಳಿಂದ ಅದೇ ಬೀದಿಯಲ್ಲಿದ್ದೂ ಆ ದಾರಿ ತೋಪಿನೊಳಗೆ ಹೋಗಿ ಕಾಲುವೆಯ ದಡ ಸೇರುತ್ತದೆಂಬುದು ನನಗೆ ತಿಳಿದಿರಲಿಲ್ಲ. ರಜೆ ಸಿಕ್ಕಾಗಲೆಲ್ಲ ನಾವು ಸ್ಕಾಟ್ಲೆಂಡಿನ ಬೆಟ್ಟಗಳನ್ನೂ ಉತ್ತರ ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟ್ ಎಂಬ ಸರೋವರ ಪ್ರದೇಶವನ್ನೂ ಹುಡುಕಿಕೊಂಡು ಕಾರಿನಲ್ಲಿ ಹೋದವರು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ನಮ್ಮಂಥವರನ್ನು ನೋಡಿಯೇ ಹುಟ್ಟಿರಬೇಕು.

ಆ ವಸಂತವೂ ಸಾಮಾನ್ಯದ್ದಾಗಿರಲಿಲ್ಲ. 1929ರಿಂದ ಇಟ್ಟಿರುವ ಬಿಸಿಲಿನ ಲೆಕ್ಕದಲ್ಲಿ ಬ್ರಿಟನ್ ಅಷ್ಟು ಬಿಸಿಲಿನ ವಸಂತವನ್ನು ಕಂಡಿರಲಿಲ್ಲ. ರಸ್ತೆಯಲ್ಲಿ ಕಾರುಗಳಿಲ್ಲ, ಆಕಾಶದಲ್ಲಿ ವಿಮಾನದ ಗೆರೆಗಳಿಲ್ಲ. ಮಾತಿಗೆ ಸಿಕ್ಕವರೆಲ್ಲರೂ ಈ ವರ್ಷ ಹಕ್ಕಿಗಳು ಎಷ್ಟು ಜೋರಾಗಿ ಹಾಡುತ್ತಿವೆ ಎಂದು ಬೆರಗುಪಡುತ್ತಿದ್ದರು, ನಾನೂ ಹಾಗೆಯೇ ಹೇಳಿದವನು. ನಿಜವಾಗಿ ನಡೆದದ್ದು ಅದಕ್ಕೆ ತಿರುಗುಮುರುಗಾಗಿರಬಹುದು. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಸುತ್ತಮುತ್ತ ಬಿಳಿನೆತ್ತಿಯ ಗುಬ್ಬಚ್ಚಿಗಳ ಹಾಡನ್ನು ಅಳೆದ ವಿಜ್ಞಾನಿಗಳು, ವಾಹನಗಳ ಗದ್ದಲ ಅಡಗಿದ ಆ ತಿಂಗಳುಗಳಲ್ಲಿ ಅವು ದನಿ ತಗ್ಗಿಸಿ ಹಾಡಿದ್ದವೆಂದೂ, ಆದರೂ ಆ ಹಾಡು ಮೊದಲಿಗಿಂತ ಸುಮಾರು ಎರಡು ಪಟ್ಟು ದೂರಕ್ಕೆ ಕೇಳಿಸುತ್ತಿತ್ತೆಂದೂ ಕಂಡುಕೊಂಡರು. ಅಷ್ಟು ವರ್ಷ ಆ ಪುಟ್ಟ ಜೀವಗಳು ನಮ್ಮ ಗದ್ದಲವನ್ನು ಮೀರಲು ಗಂಟಲು ಹರಿದುಕೊಳ್ಳುತ್ತಿದ್ದವು ಎಂದಾಯಿತು. ವೇಲ್ಸ್‌ನ ಲ್ಯಾಂಡಡ್ನೊ ಪಟ್ಟಣಕ್ಕೆ ಬೆಟ್ಟದಿಂದಿಳಿದು ಬಂದು ಜನರ ಕೈತೋಟಗಳನ್ನು ಮೇಯ್ದ ಕಾಶ್ಮೀರಿ ಮೇಕೆಗಳ ಚಿತ್ರವನ್ನು ನಮ್ಮ ಸಂಘದ ವಾಟ್ಸ್ಆ್ಯಪ್ ಗುಂಪಿನಲ್ಲಿ ಕನಿಷ್ಠ ಹತ್ತು ಮಂದಿ ಹಂಚಿಕೊಂಡಿದ್ದರು, ಪ್ರಕೃತಿ ಮರಳಿ ಬರುತ್ತಿದೆ ಎಂಬ ಒಕ್ಕಣೆಯೊಂದಿಗೆ. ನನಗೆ ಆ ಒಕ್ಕಣೆಯ ಬಗ್ಗೆ ತಕರಾರಿದೆ. ನಮ್ಮ ಹಿತ್ತಲಿನ ಮಟ್ಟಿಗಂತೂ ಯಾರೂ ಮರಳಿ ಬರಲಿಲ್ಲ. ಇದ್ದವರು ಇದ್ದಲ್ಲೇ ಇದ್ದರು, ಮನೆಗೆ ಮರಳಿದವರು ನಾವು.

ಹಿತ್ತಲೆಂದರೆ ದೊಡ್ಡದೇನಲ್ಲ. ಒಂದು ತುಂಡು ಹುಲ್ಲು, ಒಂದು ಸೇಬಿನ ಮರ, ಮೂಲೆಯಲ್ಲಿ ಒಂದು ಶೆಡ್ಡು. ಅಲ್ಲಿನ ಒಂದು ರಾಬಿನ್, ಎದೆ ಕೆಂಪಗಿರುವ ಪುಟ್ಟ ಹಕ್ಕಿ, ನಾನು ಮಣ್ಣು ಕೆದಕಲು ಕುಳಿತರೆ ಎರಡು ಮಾರು ದೂರದಲ್ಲಿ ಬಂದು ಕೂರುತ್ತಿತ್ತು. ಅದಕ್ಕೆ ಬೇಕಾಗಿದ್ದುದು ಎರೆಹುಳು, ನನ್ನ ಸ್ನೇಹವಲ್ಲ ಎಂಬುದು ಗೊತ್ತಿದ್ದೂ ನನಗೆ ಹೆಮ್ಮೆಯಾಗುತ್ತಿತ್ತು. ಜೂನ್ ತಿಂಗಳಿನಲ್ಲಿ ಮೈಯೆಲ್ಲ ಕಂದು ಚುಕ್ಕೆಗಳಿದ್ದ ಅಪರಿಚಿತ ಹಕ್ಕಿಯೊಂದು ಬಂದಾಗ ಪುಸ್ತಕ ಹಿಡಿದು ಎರಡು ದಿನ ತಡಕಾಡಿದೆ, ಯಾವುದೋ ಅಪರೂಪದ ಅತಿಥಿಯೆಂದು ಮಗಳಿಗೂ ನಂಬಿಸಿದೆ. ಕೊನೆಗೆ ನೋಡಿದರೆ ಅದು ರಾಬಿನ್ನಿನದೇ ಮರಿ. ಮರಿಗಳಿಗೆ ಕೆಂಪು ಎದೆ ಇರುವುದಿಲ್ಲ. ಕೆಂಪು ಕಂಡರೆ ದೊಡ್ಡ ರಾಬಿನ್ನಿಗೆ ರೋಷ ಉಕ್ಕುತ್ತದೆ. ಪಕ್ಷಿವಿಜ್ಞಾನಿ ಡೇವಿಡ್ ಲ್ಯಾಕ್ ಬರೀ ಒಂದು ಗೊಂಚಲು ಕೆಂಪು ಗರಿಗಳನ್ನಿಟ್ಟಾಗಲೂ ಅದು ಕಾದಾಟಕ್ಕೆ ಬಂದಿತ್ತಂತೆ. ಕ್ರಿಸ್ಮಸ್ ಕಾರ್ಡುಗಳ ಮೇಲೆ ಅಷ್ಟು ಸಾಧುವಾಗಿ ಕೂರುವ ಹಕ್ಕಿಯ ನಿಜಸ್ವಭಾವ ಇದು.

ಬ್ಲ್ಯಾಕ್‌ಬರ್ಡ್ ಎಂಬ ಹಾಡುಹಕ್ಕಿಯ ಪರಿಚಯವಾದದ್ದು ಬೇರೆ ರೀತಿಯಲ್ಲಿ. ಗುರುವಾರ ರಾತ್ರಿ 8 ಗಂಟೆಗೆ ನಾವೆಲ್ಲ ಬಾಗಿಲಿಗೆ ಬಂದು ಆರೋಗ್ಯ ಸಿಬ್ಬಂದಿಗಾಗಿ ಚಪ್ಪಾಳೆ ತಟ್ಟುತ್ತಿದ್ದೆವಲ್ಲ, ಏಪ್ರಿಲ್ ಕೊನೆಯ ಗುರುವಾರದಂದು ಪಾತ್ರೆ-ಸೌಟುಗಳ ಸದ್ದೆಲ್ಲ ನಿಂತು ಜನ ಒಳಗೆ ಹೋಗುವಷ್ಟರಲ್ಲಿ, ಎದುರು ಮನೆಯ ಆಂಟೆನಾದ ತುದಿಯಿಂದ ಅದು ನಿಧಾನವಾಗಿ, ಯಾವ ಅವಸರವೂ ಇಲ್ಲದೆ, ಕೊಳಲಿನಂಥ ದನಿಯಲ್ಲಿ ಹಾಡತೊಡಗಿತು. ಆಸ್ಪತ್ರೆಯ ರಾತ್ರಿಪಾಳಿಗೆ ಹೊರಟಿದ್ದ ನೆರೆಮನೆಯಾಕೆ ಕಾರಿನ ಬಾಗಿಲು ತೆರೆದವರು ಹಾಗೇ ನಿಂತರು. ಇಬ್ಬರೂ ಮಾತಾಡಲಿಲ್ಲ. ಅವರು ಆ ವಾರ ಏನೆಲ್ಲ ನೋಡಿದ್ದರೋ ನಾನು ಕೇಳಲಿಲ್ಲ. ಮರುದಿನ ಅದೇ ಹಾಡನ್ನು ಫೋನಿನಲ್ಲಿ ಅಮ್ಮನಿಗೆ ಕೇಳಿಸಿದಾಗ, “ಇದು ನಮ್ಮ ಮಡಿವಾಳ ಹಕ್ಕಿ ಕೂಗಿದ ಹಾಗೇ ಇದೆಯಲ್ಲೋ” ಎಂದರು.

ಇಂಥ ಸಂತೋಷವನ್ನು ಹೇಳಿಕೊಳ್ಳಲು ಸಂಕೋಚವೂ ಇದೆ. ನಮ್ಮ ಸಂಘದ ಎಷ್ಟೋ ಕುಟುಂಬಗಳು ಈ ವರ್ಷ ಆಪ್ತರನ್ನು ಕಳೆದುಕೊಂಡಿವೆ, ಕೆಲವರಿಗೆ ಅಂತ್ಯಸಂಸ್ಕಾರಕ್ಕೂ ಹೋಗಲಾಗಲಿಲ್ಲ. ಹಿತ್ತಲೆಂಬುದೂ ಎಲ್ಲರಿಗೂ ಇಲ್ಲ: ಗ್ರೇಟ್ ಬ್ರಿಟನ್ನಿನಲ್ಲಿ ಎಂಟರಲ್ಲಿ ಒಂದು ಮನೆಗೆ, ಲಂಡನ್ನಿನಲ್ಲಿ ಐದರಲ್ಲಿ ಸುಮಾರು ಒಂದು ಮನೆಗೆ, ತೋಟವೇ ಇಲ್ಲವೆಂದು 2020ರಲ್ಲಿ ಸರ್ಕಾರಿ ಅಂಕಿಅಂಶಗಳು ಹೇಳಿದವು. ಅಂಥ ಮನೆಯೊಂದರ ನಾಲ್ಕನೆಯ ಮಹಡಿಯಿಂದ ನಮ್ಮ ಹಿರಿಯ ಸದಸ್ಯರೊಬ್ಬರು ಫೋನ್ ಮಾಡಿ, ತಾವು ಹಿಂದೆಲ್ಲ ಓಡಿಸುತ್ತಿದ್ದ ಪಾರಿವಾಳದ ಜೋಡಿ ಬಾಲ್ಕನಿಯಲ್ಲಿ ಗೂಡು ಕಟ್ಟಿದ್ದನ್ನು ಸುಮಾರು ಅರ್ಧ ಗಂಟೆ ವಿವರಿಸಿದ್ದರು. ನನ್ನ ರಾಬಿನ್ನಿಗಿಂತ ಅವರ ಪಾರಿವಾಳ ಯಾವ ರೀತಿಯಲ್ಲೂ ಕಡಿಮೆಯಲ್ಲ ಎಂದು ಆ ಕರೆಯ ನಂತರ ಅನ್ನಿಸಿತ್ತು.

ಸೆಲ್ಬೋರ್ನ್‌ನ ಪ್ರಕೃತಿತಜ್ಞ ಗಿಲ್ಬರ್ಟ್ ವೈಟ್ ಹುಟ್ಟಿ 300 ವರ್ಷ ತುಂಬಿದ್ದು ಇದೇ ಲಾಕ್‌ಡೌನ್ ವರ್ಷದಲ್ಲಿ, 2020ರ ಜುಲೈ 18ಕ್ಕೆ. ಹ್ಯಾಂಪ್‌ಶೈರಿನ ತನ್ನ ಹಳ್ಳಿಯಲ್ಲೇ ಬಾಳಿನ ಬಹುಪಾಲನ್ನು ಕಳೆದ ಈ ಪಾದ್ರಿ, ನೋಡಲು ಒಂದೇ ತೆರನಾಗಿರುವ ಮೂರು ಪುಟ್ಟ ಹಕ್ಕಿಗಳು ಬೇರೆಬೇರೆ ಜಾತಿಯವೆಂದು ಮುಖ್ಯವಾಗಿ ಅವುಗಳ ಹಾಡನ್ನು ಕೇಳಿಯೇ ಗುರುತಿಸಿದವನು. ಪ್ರತಿದಿನ ಅದೇ ಮರಗಳ ಕೆಳಗೆ ನಿಂತವನಿಗೆ ಮಾತ್ರ ಸಾಧ್ಯವಾಗುವ ಕೆಲಸ ಅದು. ಇನ್ನೂ ಹತ್ತಿರದ ಉದಾಹರಣೆ ಲೆಸ್ಟರ್ ನಗರದ ಜೆನಿಫರ್ ಓವನ್ ಅವರದು. 1972ರಿಂದ ಮೂವತ್ತು ವರ್ಷ ಅವರು ಬೇರೆ ಕಾಡು ಹುಡುಕಿಕೊಂಡು ಹೋಗದೆ, ಹುಲ್ಲುಹಾಸು, ತರಕಾರಿ, ಹೂಗಿಡಗಳಿದ್ದ ಸಾಧಾರಣವಾದ ತಮ್ಮ ಮನೆಯ ತೋಟದಲ್ಲೇ ಗಿಡ, ಕೀಟ, ಹಕ್ಕಿ, ಪ್ರಾಣಿಗಳನ್ನು ಎಣಿಸಿ ಬರೆದಿಟ್ಟರು. ಲೆಕ್ಕ 2,673 ಪ್ರಭೇದಗಳಿಗೆ ಬಂದು ನಿಂತಿತು. ನನ್ನ ನೋಟುಪುಸ್ತಕದ ಲೆಕ್ಕ ಈಗ 41ರಲ್ಲಿದೆ. ಅದರಲ್ಲಿಯೂ ಎರಡರ ಬಗ್ಗೆ ಮಗಳಿಗೆ ಅನುಮಾನವಿದೆ.

ಎಣಿಕೆಯ ವಿಷಯ ಬಂದದ್ದರಿಂದ ಇದನ್ನೂ ಹೇಳಬೇಕು. 1979ರಿಂದ ನಡೆದುಬಂದಿರುವ ‘ಬಿಗ್ ಗಾರ್ಡನ್ ಬರ್ಡ್‌ವಾಚ್’ ಎಂಬ ತೋಟದ ಹಕ್ಕಿಗಳ ಎಣಿಕೆಯಲ್ಲಿ 2021ರ ಜನವರಿಯಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನ ಪಾಲ್ಗೊಂಡರು, ನಮ್ಮ ಸಂಘದ ಕೆಲವು ಮಕ್ಕಳೂ ಕಿಟಕಿಯ ಬಳಿ ಒಂದು ಗಂಟೆ ಕೂತಿದ್ದರು. ಒಮ್ಮೆಗೆ ಕಂಡ ಅತಿ ಹೆಚ್ಚಿನ ಸಂಖ್ಯೆಯನ್ನಷ್ಟೇ ಬರೆಯಬೇಕೆಂಬ ನಿಯಮವಿರುವುದು ಒಂದೇ ಗುಬ್ಬಚ್ಚಿಯನ್ನು ಆರು ಸಲ ಎಣಿಸುವವರಿಗಾಗಿ. ಅಂಥವರು ನಮ್ಮಲ್ಲಿಯೂ ಇದ್ದರು, ಎಲ್ಲರೂ ಮಕ್ಕಳಾಗಿರಲಿಲ್ಲ.

ಕಳೆದ ವರ್ಷ ಏಪ್ರಿಲಿನಲ್ಲಿ ತಡವಾಗಿ ತೂಗುಹಾಕಿದ ಗೂಡುಪೆಟ್ಟಿಗೆ ವರ್ಷವಿಡೀ ಖಾಲಿಯಿತ್ತು. ಅದರ ಕಂಡಿ 25 ಮಿಲಿಮೀಟರಿನದು, ಬ್ಲೂ ಟಿಟ್ ಎಂಬ ಪುಟ್ಟ ಹಕ್ಕಿ ನುಸುಳುವಷ್ಟು, ಗುಬ್ಬಚ್ಚಿ ನುಸುಳಲಾರದಷ್ಟು. ಈ ಮಾರ್ಚಿನಿಂದ ಜೋಡಿಯೊಂದು ಅದಕ್ಕೆ ಪಾಚಿ ತಂದು ತುಂಬುತ್ತಿದೆ. ಇನ್ನೊಂದು ಕಂಡಿಯ ಕಥೆ ಅಷ್ಟು ಫಲಿಸಿಲ್ಲ. ಹೆಜ್‌ಹಾಗ್, ಅಂದರೆ ನಮ್ಮಲ್ಲಿ ಹಲವರು ಮುಳ್ಳುಹಂದಿಯೆಂದು ತಪ್ಪಾಗಿ ಕರೆಯುವ ಮುಳ್ಳಿಲಿ, ರಾತ್ರಿ ಆಹಾರ ಹುಡುಕುತ್ತ ತೋಟದಿಂದ ತೋಟಕ್ಕೆ ಅಲೆಯುವ ಪ್ರಾಣಿ. ಬೇಲಿಗಳು ಅದರ ದಾರಿ ಕಟ್ಟುತ್ತವೆ. 2020ರ ಬೇಸಿಗೆಯಲ್ಲಿ ಬ್ರಿಟನ್ನಿನ ಅಳಿವಿನ ಅಪಾಯದಲ್ಲಿರುವ ಸಸ್ತನಿಗಳ ಪಟ್ಟಿಗೆ ಅದು ಸೇರಿದ ಸುದ್ದಿ ಓದಿ, ನೆರೆಯವರ ಒಪ್ಪಿಗೆ ಪಡೆದು, ಇಬ್ಬರ ನಡುವಿನ ಬೇಲಿಯ ಬುಡದಲ್ಲಿ 13 ಸೆಂಟಿಮೀಟರ್ ಉದ್ದಗಲದ ಚೌಕವನ್ನು ಗರಗಸದಿಂದ ಕೊರೆದೆವು. ಹಾಲು ಅದಕ್ಕೆ ಒಗ್ಗುವುದಿಲ್ಲವೆಂದು ತಿಳಿದು ನೀರಿನ ತಟ್ಟೆಯೊಂದನ್ನು ಮಾತ್ರ ಇಟ್ಟಿದ್ದೇವೆ. ಮುಳ್ಳಿಲಿ ಇನ್ನೂ ಬಂದಿಲ್ಲ. ನೆರೆಮನೆಯ ಬೆಕ್ಕು ದಿನವೂ ಸಂಜೆ ಆ ಕಂಡಿಯಲ್ಲಿ ತಲೆ ತೂರಿಸಿ, ತಟ್ಟೆಯನ್ನೂ ನಮ್ಮನ್ನೂ ಒಮ್ಮೆ ನೋಡಿ, ಬಂದ ದಾರಿಯಲ್ಲೇ ಹಿಂದಿರುಗುತ್ತದೆ.

— ಸಂಪಾದಕ