ಹಳ್ಳದ ಗುಂಡಿಯ ಆಳ ತೋರಿಸಿದ ಅಜ್ಜನಿಗೆ

ಚಿತ್ರದುರ್ಗದ ಜೋಗಿಮಟ್ಟಿ ಕಡೆಯ ಹಳ್ಳದ ಹತ್ತಿರ ಸಿಕ್ಕ ಕುರಿ ಕಾಯುವ ಅಜ್ಜನಿಗೆ ಈ ಮಾತು. ಹೆಸರು ಕೇಳಿದರೆ, 'ಅದೆಲ್ಲ ಯಾಕೆ ಬಿಡ್ರಪ್ಪಾ' ಅಂತ ನಕ್ಕುಬಿಟ್ಟಿರಿ.

ನಮ್ಮ ಕಡೆ ಹಳ್ಳದಲ್ಲಿ ನೀರು ಕಾಣುವುದೇ ಮಳೆ ಚೆನ್ನಾಗಿ ಬಂದಾಗ. ಮರಗಳ ನಡುವೆ ತಿಳಿನೀರಿನ ಗುಂಡಿ ಕಂಡ ಕೂಡಲೇ ಅಣ್ಣನ ಮಗ ಅಂಗಿ ಬಿಚ್ಚಿ ಬಂಡೆ ಹತ್ತಿದ್ದ. 'ಏ ತಮ್ಮಾ, ಹಾರಬ್ಯಾಡ!' ಅಂತ ಕೂಗಿದಿರಿ. ಆಮೇಲೆ ನಿಮ್ಮ ಕೋಲನ್ನು ನೀರಿಗೆ ಇಳಿಸಿದಿರಿ. ಒಂದು ಕಡೆ ಮೊಣಕಾಲುದ್ದ, ಅಡಿಯಲ್ಲಿ ಚೂಪು ಕಲ್ಲು. ಸ್ವಲ್ಪ ಆಚೆ ಇಡೀ ಕೋಲೇ ಮುಳುಗಿತು. ಬೆಳಕು ಬಾಗುವುದರಿಂದ 4 ಅಡಿ ನೀರು 3 ಅಡಿಯಷ್ಟೇ ಕಾಣುತ್ತದೆ. ಶಾಲೆಯಲ್ಲಿ ಎಲ್ಲರೂ ಓದಿದ್ದೇ, ಅಲ್ವಾ? ಆದರೆ ಕೋಲು ಇದ್ದದ್ದು ನಿಮ್ಮ ಕೈಯಲ್ಲಿ.

ಬೆಟ್ಟದ ಮೇಲಿನ ಮೋಡ ತೋರಿಸಿ, ನೀರು ಕೆಂಪಗಾದರೆ ಬಟ್ಟೆ ಹುಡುಕುತ್ತಾ ನಿಲ್ಲಬೇಡಿ, ಮೊದಲು ದಡ ಹತ್ತಿ ಎಂದಿರಿ. ಮೇಲೆ ಮಳೆಯಾದರೆ ಕೆಳಗೆ ಬಿಸಿಲಿದ್ದರೂ ಹಳ್ಳ ಏರುತ್ತದೆ. ಪಾಚಿ ಬಂಡೆಯ ಮೇಲೆ ಹುಡುಗನ ಕೈ ಹಿಡಿದು ಇಳಿಸಿದ್ದೂ ನೀವೇ. ಅವನು ಮನಸಾರೆ ಈಜಿದ.

ದುಡ್ಡು ಕೊಡಲು ಹೋದರೆ ಮುಟ್ಟಲಿಲ್ಲ. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಮಾತ್ರ ಬೇಡ ಅನ್ನಲಿಲ್ಲ! ತುಂಬಾ ಥ್ಯಾಂಕ್ಸ್ ಅಜ್ಜಾ.